ಕನ್ನಡ ಮಾತಾಡಿದ ಅಂತ ನಂಬಿದೆ: ಇಂಗ್ಲೆಂಡಿನಲ್ಲಿ ಫ್ಯಾಮಿಲಿ ಸಾಲಿಸಿಟರ್ ಹುಡುಕುತ್ತಿರುವವರು ದಯವಿಟ್ಟು ಓದಿ

ಹೋದ ವಾರ ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕಾ, ಮಗು ವಿಷಯಕ್ಕೆ ಒಬ್ರು ಸಾಲಿಸಿಟರ್ ಸಿಕ್ಕಿದ್ದಾರೆ, ನಮ್ಮ ಕನ್ನಡದವ್ರೇ, ತುಂಬಾ ಒಳ್ಳೆಯವ್ರಂತೆ" ಅಂದಳು. ಹೆಸರು ಕೇಳಿದೆ. ಅದೇ ಮನುಷ್ಯ. ಕೈಕಾಲು ತಣ್ಣಗಾಯಿತು. ಎರಡು ವರ್ಷ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿದ್ದೇ ತಪ್ಪಾಯಿತು. ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲೂ ಬರೆಯುತ್ತೇನೆ. ಹೆಸರು ಹಾಕುತ್ತಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಅವನು ಸಾಲಿಸಿಟರ್ ಅಲ್ಲ, ಅಂದರೆ ಇಲ್ಲಿ ಅರ್ಹತೆ ಪಡೆದು ರಿಜಿಸ್ಟರಿನಲ್ಲಿ ಹೆಸರಿರುವ ವಕೀಲನಲ್ಲ. ನಾನು ಆರು ವಾರ ಅವನನ್ನು ಸಾಲಿಸಿಟರ್ ಅಂದುಕೊಂಡಿದ್ದೆ. ನಾನು "ನಮ್ಮ ಸಾಲಿಸಿಟರ್" ಅಂದಾಗಲೆಲ್ಲ ಅವನು ಒಂದು ಸಲವೂ ತಿದ್ದಲಿಲ್ಲ.

2023ರ ಮಾತು. ನಾನೂ ನನ್ನ ಗಂಡನೂ ಬೇರೆಯಾಗಿ ಆಗಲೇ ಏಳು ತಿಂಗಳಾಗಿತ್ತು. ಮಕ್ಕಳಿಬ್ಬರು ನನ್ನ ಜೊತೆ, ವಾರ ಬಿಟ್ಟು ವಾರ ಶನಿವಾರ ಭಾನುವಾರ ಅಪ್ಪನ ಹತ್ತಿರ. ಕೋರ್ಟು ಆರ್ಡರು ಏನೂ ಇರಲಿಲ್ಲ, ಬೇಕೂ ಆಗಿರಲಿಲ್ಲ. ಡಿಸೆಂಬರಿಗೆ ತಂಗಿಯ ಮದುವೆ ಗೊತ್ತಾಯಿತು. ಮಕ್ಕಳನ್ನು ಮೂರು ವಾರ ಊರಿಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ನನ್ನ ಗಂಡ "ಹೋದವಳು ವಾಪಸ್ ಬರ್ತೀಯ ಅನ್ನೋದಕ್ಕೆ ಏನು ಗ್ಯಾರಂಟಿ?" ಅಂತ ಮೆಸೇಜ್ ಹಾಕಿದರು. ನನಗೆ ಉರಿದುಹೋಯಿತು. ಆದರೆ ಇಲ್ಲಿನ ಕಾನೂನು ನಿಮಗೆ ಗೊತ್ತಿರಬಹುದು. ತಂದೆ ತಾಯಿ ಇಬ್ಬರಿಗೂ ಪೇರೆಂಟಲ್ ರೆಸ್ಪಾನ್ಸಿಬಿಲಿಟಿ (ಮಕ್ಕಳ ಮೇಲೆ ಕಾನೂನಿನ ಹಕ್ಕು, ಹೊಣೆ) ಇರುವಾಗ ಇನ್ನೊಬ್ಬರ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ ಮಕ್ಕಳನ್ನು ದೇಶದ ಹೊರಗೆ ಕರೆದೊಯ್ದರೆ 1984ರ ಚೈಲ್ಡ್ ಅಬ್ಡಕ್ಷನ್ ಆಕ್ಟ್ ಪ್ರಕಾರ ಅದು ಅಪರಾಧ. ತಾಯಿಯಾದರೂ ಅಷ್ಟೇ. ಹಾಗಾಗಿ ಯಾರಾದರೂ ಸಾಲಿಸಿಟರ್ ಬೇಕೇ ಬೇಕು ಅಂತ ಹುಡುಕಾಟ ಶುರುವಾಯಿತು.

ಯಾರೋ ಒಬ್ಬರು ನಂಬರ್ ಕೊಟ್ಟರು. ಫೋನ್ ಎತ್ತಿದವನು ಎರಡು ಮಾತು ಇಂಗ್ಲಿಷಿನಲ್ಲಿ ಆಡಿ, ನನ್ನ ಹೆಸರು ಕೇಳಿದ ಕೂಡಲೇ "ಕನ್ನಡದವ್ರಾ? ಯಾವೂರು ನಿಮ್ದು?" ಅಂದ. ಅಲ್ಲಿಗೆ ಮುಗಿಯಿತು ನನ್ನ ಕಥೆ. ಏಳು ತಿಂಗಳಿಂದ ಮನೆಯ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಸಾಕಾಗಿತ್ತು. ನಮ್ಮತ್ತೆ ಆಡಿದ ಮಾತನ್ನು ಇಂಗ್ಲಿಷಿಗೆ ಹಾಕಿದರೆ ಅದರ ಚುಚ್ಚೇ ಹೊರಟುಹೋಗುತ್ತದೆ. ಇವನ ಹತ್ತಿರ ಗಂಟೆಗಟ್ಟಲೆ ಹೇಳಿಕೊಂಡು ಅತ್ತುಬಿಟ್ಟೆ. "ನಿಮ್ಮ ತಂಗಿ ಮದ್ವೆಗೆ ಮಕ್ಕಳು ಇರ್ತಾರೆ, ಅದು ನನ್ನ ಜವಾಬ್ದಾರಿ. ಎಲ್ಲಾ ನನಗೆ ಬಿಡಿ" ಅಂದ. ಎಲ್ಲಾ ಬಿಟ್ಟೆ.

ಅವನ ಫೀಸು 1,800 ಪೌಂಡ್. ಜೊತೆಗೆ ಮಕ್ಕಳ ವಿಷಯಕ್ಕೆ ಕೋರ್ಟಿಗೆ ಹಾಕುವ ಸಿ100 ಅರ್ಜಿಗೆ ಕೋರ್ಟಿನ ಶುಲ್ಕ ಆಗ 232. ಆಮೇಲೆ "ಹಿಯರಿಂಗ್ ತಯಾರಿ" ಅಂತ ಇನ್ನೊಂದು 600. ಒಟ್ಟು 2,632 ಪೌಂಡ್. ಒಂದು ಕಾಗದ ಇಲ್ಲ, ಕರಾರು ಇಲ್ಲ, ಬ್ಯಾಂಕಿಗೆ ಹಾಕಿದ್ದಷ್ಟೇ ದಾಖಲೆ. ಕೇಳಿದ್ದಕ್ಕೆ "ನಮ್ಮ ನಮ್ಮಲ್ಲಿ ಯಾಕೆ ಮೇಡಂ ಪೇಪರು" ಅಂದ. ಕೇಳಲಿಲ್ಲ ಅಂತ ಯಾರೂ ಅನ್ನಬೇಡಿ. ಕೇಳಿದ್ದೆ. ಆ ಉತ್ತರಕ್ಕೆ ಸುಮ್ಮನಾದೆ.

ಸಹಿ ಹಾಕಿದ್ದು ಹೇಗೆ ಅಂತ ಬರೆಯುವುದಕ್ಕೇ ಕಷ್ಟವಾಗುತ್ತಿದೆ. ಮಕ್ಕಳನ್ನು ಸ್ಕೂಲಿನಿಂದ ಕರೆತರುವ ಹೊತ್ತು, ಅವನ ಆಫೀಸಿನ ಮೆಟ್ಟಿಲ ಮೇಲೆ ನಿಂತು ಸಹಿ ಹಾಕಿದೆ. ಕೊನೆಯ ಪುಟ ಮಾತ್ರ ತೆರೆದು, ಎಲ್ಲಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರ ಚಿಹ್ನೆ ಮಾಡಿಟ್ಟಿದ್ದ. ಹಾಕಿದೆ, ಓಡಿದೆ.

ಕೆಲವು ವಾರದ ನಂತರ ಕೋರ್ಟಿನಲ್ಲಿ ಮಕ್ಕಳ ಹಿತ ನೋಡುವ ಸಂಸ್ಥೆ ಕಾಫ್‌ಕಾಸ್‌ನಿಂದ ಫೋನ್ ಬಂತು. ಮೊದಲ ಹಿಯರಿಂಗಿಗೆ ಮುಂಚೆ ಅವರು ತಂದೆ ತಾಯಿ ಇಬ್ಬರ ಹತ್ತಿರವೂ ಮಾತಾಡುತ್ತಾರೆ, ಪೊಲೀಸರಲ್ಲಿ, ಕೌನ್ಸಿಲಿನಲ್ಲಿ ವಿಚಾರಿಸಿ ಕೋರ್ಟಿಗೆ ಪತ್ರ ಕೊಡುತ್ತಾರೆ. ಹೆಂಗಸು ಮೃದುವಾಗಿಯೇ ಕೇಳಿದಳು: ಅರ್ಜಿಯಲ್ಲಿ ಹೇಳಿರುವ ಕೌಟುಂಬಿಕ ದೌರ್ಜನ್ಯವನ್ನು ಮಕ್ಕಳು ಕಣ್ಣಾರೆ ನೋಡಿದ್ದಾರಾ?

ಯಾವ ದೌರ್ಜನ್ಯ?

ನನ್ನ ಗಂಡನ ಮೇಲೆ ನನಗೆ ನೂರು ದೂರುಗಳಿವೆ. ಆದರೆ ಆತ ಒಂದು ದಿನವೂ ಕೈ ಎತ್ತಿದವರಲ್ಲ, ಹೆದರಿಸಿದವರಲ್ಲ. ಫೋನ್ ಇಟ್ಟು, ಕೋರ್ಟಿನಿಂದ ಬಂದು ಫ್ರಿಜ್ ಮೇಲೆ ಬಿದ್ದಿದ್ದ ಕಂದು ಲಕೋಟೆ ಒಡೆದೆ. "ಲಾಯರು ನೋಡ್ಕೋತಾರೆ" ಅಂತ ಹಾಗೇ ಇಟ್ಟಿದ್ದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಮಕ್ಕಳ ವಿಷಯಕ್ಕೆ ಅರ್ಜಿ ಹಾಕುವ ಮೊದಲು ಮಿಯಾಮ್ ಅನ್ನುವ, ಮೀಡಿಯೇಶನ್ (ಮಧ್ಯಸ್ಥರ ಮುಂದೆ ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು) ಬಗ್ಗೆ ತಿಳಿಸುವ ಭೇಟಿಗೆ ಹೋಗಿರಬೇಕು, ಇಲ್ಲದಿದ್ದರೆ ವಿನಾಯಿತಿಗೆ ಕಾರಣ ಕೊಡಬೇಕು. ಇವನು ಆ ಭೇಟಿ ತಪ್ಪಿಸೋದಕ್ಕೆ ದೌರ್ಜನ್ಯದ ಬಾಕ್ಸಿಗೆ ಟಿಕ್ ಹಾಕಿದ್ದ. ನಿಜವಾಗಿ ಹೊಡೆತ ತಿನ್ನುತ್ತಿರುವ ಹೆಂಗಸರಿಗಾಗಿ ಇಟ್ಟಿರುವ ಬಾಗಿಲು ಅದು. ಅದರಲ್ಲಿ ನನ್ನನ್ನು ನೂಕಿದ್ದ.

ಪುಟ ತಿರುಗಿಸಿದೆ. ನಿಮ್ಮ ಪರವಾಗಿ ಸಾಲಿಸಿಟರ್ ಇದ್ದಾರೆಯೇ ಅನ್ನುವ ಪ್ರಶ್ನೆ. "ಇಲ್ಲ" ಅನ್ನುವ ಕಡೆ ಟಿಕ್. ಕೆಳಗೆ ಸಾಲಿಸಿಟರ್ ಹೆಸರು, ವಿಳಾಸದ ಬಾಕ್ಸುಗಳೆಲ್ಲ ಖಾಲಿ. ಕೊನೆಯಲ್ಲಿ ಇದೆಲ್ಲ ಸತ್ಯ ಅನ್ನುವ ಹೇಳಿಕೆ, ಅದರಡಿ ನನ್ನ ಸಹಿ. ಪೆನ್ಸಿಲ್ ಗುರುತು ಸರಿಯಾಗಿ ಅಳಿಸಿಯೂ ಇರಲಿಲ್ಲ.

ಆ ಖಾಲಿ ಬಾಕ್ಸನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. 2,400 ಪೌಂಡ್ ಕೊಟ್ಟಿದ್ದೇನೆ, ಬಾಕ್ಸು ಖಾಲಿ.

ಅವನಿಗೆ ಮೆಸೇಜ್ ಮಾಡಿದೆ. ಉತ್ತರಗಳನ್ನು ಹಾಗ್ಹಾಗೇ ಹಾಕುತ್ತೇನೆ, ಎಲ್ಲ ಇಟ್ಟುಕೊಂಡಿದ್ದೇನೆ.

"ಮೇಡಂ ನಾನು ಸಾಲಿಸಿಟರ್ ಅಂತ ಯಾವತ್ತಾದ್ರೂ ಹೇಳಿದ್ನಾ? ನಾನು ಲೀಗಲ್ ಕನ್ಸಲ್ಟೆಂಟ್."

"ಆ ಟಿಕ್ ಹಾಕಿದ್ರೇನೇ ಬೇಗ ಡೇಟ್ ಸಿಗೋದು. ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

"ಸಹಿ ನಿಮ್ಮದು. ಓದಿ ಹಾಕಬೇಕಿತ್ತು."

ಮತ್ತೆ ಒಂದು ಗಂಟೆ ಬಿಟ್ಟು: "ಹಿಯರಿಂಗ್ ದಿನ ಮೆಕೆಂಜಿ ಫ್ರೆಂಡ್ ಆಗಿ ಪಕ್ಕದಲ್ಲಿ ಕೂತ್ಕೋತೀನಿ, ಟೆನ್ಶನ್ ಬೇಡ."

ಮೆಕೆಂಜಿ ಫ್ರೆಂಡ್ ಅಂದರೆ ವಕೀಲರಿಲ್ಲದೆ ಬಂದವರ ಪಕ್ಕ ಕೂತು ಟಿಪ್ಪಣಿ ಬರೆದುಕೊಂಡು ಮೆಲ್ಲಗೆ ಸಲಹೆ ಕೊಡುವವರು. ಕೋರ್ಟು ಅನುಮತಿ ಕೊಡದೆ ಅವರು ಎದ್ದು ಮಾತಾಡುವ ಹಾಗಿಲ್ಲ. ಅಂದರೆ ಅಷ್ಟು ದುಡ್ಡು ಕೊಟ್ಟು ನಾನು ಕೊಂಡುಕೊಂಡಿದ್ದು ಪಕ್ಕದ ಕುರ್ಚಿಯಲ್ಲಿ ಕೂರುವವನನ್ನು. ಬರಬೇಡ ಅಂದೆ.

ಒಬ್ಬಳೇ ಹೋದೆ. ಹೊರಗಿನ ಬೆಂಚಿನಲ್ಲಿ ನನ್ನ ಗಂಡ ಕೂತಿದ್ದರು, ತಲೆ ಎತ್ತಿ ನೋಡಲಿಲ್ಲ. ಅವರ ಸಾಲಿಸಿಟರ್ ಬಂದು, ದೌರ್ಜನ್ಯಕ್ಕೆ ಪುರಾವೆ ಏನಿದೆ, ಪೊಲೀಸ್ ದೂರೋ ಡಾಕ್ಟರ ಪತ್ರವೋ ಅಂತ ಕೇಳಿದರು. ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಆ ಟಿಕ್ ತಪ್ಪು, ಅಂಥದ್ದು ಏನೂ ನಡೆದಿಲ್ಲ ಅಂತ ನನ್ನ ಬಾಯಿಂದಲೇ ಹೇಳಿದೆ. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಮೊದಲು ಮೀಡಿಯೇಶನ್ ಮಾಡಿ ಬನ್ನಿ ಅಂತ ಜನವರಿಗೆ ಮುಂದೂಡಿದರು.

ಮದುವೆ ಡಿಸೆಂಬರಿನಲ್ಲಿ. ಮಕ್ಕಳನ್ನು ಅವರಪ್ಪನ ಹತ್ತಿರ ಬಿಟ್ಟು ಐದು ದಿನಕ್ಕೆ ನಾನೊಬ್ಬಳೇ ಹೋಗಿಬಂದೆ. ಛತ್ರದಲ್ಲಿ ಸಿಕ್ಕವರೆಲ್ಲ "ಮಕ್ಕಳೆಲ್ಲಿ?" ಅಂತ ಕೇಳಿದರು. ಎಲ್ಲರೂ ಕೇಳಿದರು.

ಆಮೇಲೆ ನಿಜವಾದ ಸಾಲಿಸಿಟರ್ ಹತ್ತಿರ ಹೋದೆ. ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯ ಮಕ್ಕಳ ಕಾನೂನಿನ ಅಕ್ರೆಡಿಟೇಶನ್ ಇರುವವರು, ಕನ್ನಡ ಬಾರದವರು. ಮೊದಲ ದಿನವೇ ಪತ್ರ ಕೊಟ್ಟರು: ಗಂಟೆಗೆ ಎಷ್ಟು, ಅಂದಾಜು ಒಟ್ಟು ಎಷ್ಟು, ನಿಮ್ಮ ಕೆಲಸ ಯಾರು ಮಾಡುತ್ತಾರೆ, ದೂರು ಇದ್ದರೆ ಎಲ್ಲಿಗೆ. ಇಮೇಲ್ ಓದಿದರೂ ಆರು ನಿಮಿಷದ ಲೆಕ್ಕ ಬೀಳುತ್ತದೆ, ದಿನಾ ಒಂದೊಂದು ಕಳಿಸಬೇಡಿ, ಪ್ರಶ್ನೆಗಳನ್ನೆಲ್ಲ ಕೂಡಿಸಿ ವಾರಕ್ಕೊಂದು ಕಳಿಸಿ ಅಂದರು. ತನ್ನ ಬಿಲ್ಲು ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ತಾನೇ ಹೇಳಿಕೊಟ್ಟ ಹೆಂಗಸು. ಇವನೋ, ಬಿಡಿ.

ಅವರು ಹೇಳಿದ್ದು ಇಷ್ಟೇ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದದಲ್ಲಿ ಭಾರತ ಇಲ್ಲ. ಅಲ್ಲಿಂದ ಮಕ್ಕಳು ವಾಪಸ್ ಬರದಿದ್ದರೆ ಕರೆಸುವುದು ಬಹಳ ಕಷ್ಟ, ಅದಕ್ಕೇ ಇಲ್ಲಿನ ಕೋರ್ಟುಗಳು ಭಾರತ ಅಂದರೆ ಹೆಚ್ಚು ಭದ್ರತೆ ಕೇಳುತ್ತವೆ. "ನಿಮ್ಮ ಗಂಡನ ಭಯಕ್ಕೆ ಉತ್ತರ ಕೊಡಿ, ಜಗಳ ಕೊಡಬೇಡಿ" ಅಂದರು. ರಿಟರ್ನ್ ಟಿಕೆಟ್ ಪ್ರತಿ, ಉಳಿಯುವ ಮನೆಯ ವಿಳಾಸ, ದಿನಾ ಸಂಜೆ ವಿಡಿಯೋ ಕಾಲ್, ಬಂದ ಮೇಲೆ ಪಾಸ್‌ಪೋರ್ಟು ನನ್ನ ಗಂಡನ ಕೈಗೆ. ಮೀಡಿಯೇಶನ್ ಖರ್ಚಿಗೆ ಆಗ ಸರ್ಕಾರದ 500 ಪೌಂಡ್‌ವರೆಗಿನ ವೋಚರ್ ಸ್ಕೀಮ್ ಇತ್ತು ಅಂತಲೂ ಅವರಿಂದಲೇ ಗೊತ್ತಾಯಿತು. ಮೀಡಿಯೇಶನ್ನಿನ ಮೂರನೇ ಭೇಟಿಯಲ್ಲಿ ನನ್ನ ಗಂಡ ಒಪ್ಪಿದರು. ಇಬ್ಬರ ಒಪ್ಪಿಗೆಯ ಮೇಲೆ ಆರ್ಡರ್ ಆಯಿತು, ಏಪ್ರಿಲ್ ರಜೆಗೆ ಮಕ್ಕಳು ಊರು ನೋಡಿಬಂದರು. ಸಾಲಿಸಿಟರ್ ಬಿಲ್ಲು ವ್ಯಾಟ್ ಸೇರಿ 888 ಪೌಂಡ್. ಆಗಸ್ಟಿನಲ್ಲೇ ಇವರ ಹತ್ತಿರ ಹೋಗಿದ್ದರೆ? ಯೋಚಿಸಿದರೆ ನಿದ್ದೆ ಬರುವುದಿಲ್ಲ.

ದೂರು ಕೊಡೋಣ ಅಂತ ಹೋದರೆ ಎರಡನೇ ಏಟು. ಲೀಗಲ್ ಓಂಬುಡ್ಸ್‌ಮನ್ ಉಚಿತವಾಗಿ ದೂರು ನೋಡುತ್ತಾರೆ, ಆದರೆ ನಿಯಂತ್ರಣಕ್ಕೆ ಒಳಪಟ್ಟ ವಕೀಲರ ಮೇಲೆ ಮಾತ್ರ. ಇವನು ಯಾವ ನಿಯಂತ್ರಣಕ್ಕೂ ಒಳಪಟ್ಟವನಲ್ಲ. "ಸಾಲಿಸಿಟರ್" ಅಂತ ಸುಳ್ಳು ಹೇಳಿಕೊಂಡರೆ ಈ ದೇಶದಲ್ಲಿ ಅಪರಾಧ. "ಲಾಯರ್", "ಲೀಗಲ್ ಅಡ್ವೈಸರ್", "ಫ್ಯಾಮಿಲಿ ಲಾ ಎಕ್ಸ್‌ಪರ್ಟ್" ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದಕ್ಕೇ ಆ ಒಂದು ಪದವನ್ನು ಅವನು ಬಾಯಿಗೆ ತಂದುಕೊಂಡಿಲ್ಲ. ಅದು ಮರೆವಲ್ಲ, ಲೆಕ್ಕಾಚಾರ. ಅನುಮತಿ ಇಲ್ಲದೆ ಬೇರೆಯವರ ಕೇಸು ನಡೆಸುವುದೂ 2007ರ ಲೀಗಲ್ ಸರ್ವಿಸಸ್ ಆಕ್ಟ್ ಪ್ರಕಾರ ಅಪರಾಧವೇ, ಅದಕ್ಕೇ ಅರ್ಜಿಯಲ್ಲಿ ಎಲ್ಲೂ ತನ್ನ ಹೆಸರಿಲ್ಲದ ಹಾಗೆ ನೋಡಿಕೊಂಡ.

ಆದ್ದರಿಂದ ದುಡ್ಡು ಕೊಡುವ ಮೊದಲು ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ರಿಜಿಸ್ಟರಿನಲ್ಲಿ ಆ ಮನುಷ್ಯನ ಹೆಸರು ಹಾಕಿ ನೋಡಿ. ಕಂಪನಿಯದ್ದಷ್ಟೇ ಅಲ್ಲ, ನಿಮ್ಮ ಎದುರು ಕೂತವರ ಹೆಸರು. ಎರಡು ನಿಮಿಷದ ಕೆಲಸ, ಉಚಿತ. "ನೀವು ಸಾಲಿಸಿಟರಾ?" ಅಂತ ನೇರವಾಗಿ ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಕೋರ್ಟಿನಿಂದ ಬಂದ ಲಕೋಟೆ ಅದೇ ದಿನ ಒಡೆಯಿರಿ. ಭಾಷೆ ನೋಡಿ ಕರಗಬೇಡಿ. ನಿಜವಾಗಿ ಮನೆಯಲ್ಲಿ ಹಿಂಸೆ ಇದ್ದರೆ, ಅಥವಾ ಕೌನ್ಸಿಲಿನವರು ಮಕ್ಕಳನ್ನು ತೆಗೆದುಕೊಳ್ಳಲು ಕೋರ್ಟಿಗೆ ಹೋಗಿದ್ದರೆ, ಲೀಗಲ್ ಏಡ್ (ವಕೀಲರ ಖರ್ಚಿಗೆ ಸರ್ಕಾರದ ನೆರವು) ಸಿಗಬಹುದು, ಸಾಲಿಸಿಟರ್ ಹತ್ತಿರವೇ ಕೇಳಿ. ಇಂಥವನ ಹತ್ತಿರ ಆ ದಾರಿಯೇ ಇಲ್ಲ.

ಆ ಹುಡುಗಿ ಅವನನ್ನು ನೇರವಾಗಿ ಕೇಳಿದಳಂತೆ. ಅದೇ ರಾತ್ರಿ ನನಗೆ ಮೆಸೇಜ್: "ನಮ್ಮವರೇ ನಮ್ಮವರ ಹೊಟ್ಟೆ ಮೇಲೆ ಹೊಡೆದ್ರೆ ಹೇಗೆ ಮೇಡಂ? 500 ವಾಪಸ್ ಕೊಡ್ತೀನಿ, ವಿಷಯ ಇಲ್ಲಿಗೆ ಬಿಡೋಣ." ಜೊತೆಗೆ ಎರಡು ಪುಟದ ಕಾಗದ. ಎಲ್ಲೂ ದೂರು ಕೊಡುವುದಿಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ, ಸೇವೆ ತೃಪ್ತಿಕರವಾಗಿತ್ತು ಅಂತ ನಾನು ಬರೆದುಕೊಟ್ಟ ಹಾಗೆ. ಸಹಿಯ ಜಾಗದಲ್ಲಿ ಮತ್ತದೇ ಗುಣಾಕಾರ ಚಿಹ್ನೆ.

ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಮೂಲಕ, ಗ್ರಾಹಕರಿಗೆ ಆದ ಮೋಸ ನೋಡುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದೂರು ಕೊಟ್ಟಿದ್ದೇನೆ, ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಕಾಗದ ತಯಾರಿದೆ. ಅದು ಮುಗಿಯುವ ತನಕ ಹೆಸರು ಹಾಕಬೇಡಿ ಅಂದಿದ್ದಾರೆ, ಅದಕ್ಕೆ ಹಾಕಿಲ್ಲ. ಅವನು ಕಳಿಸಿದ ಕಾಗದವನ್ನು ಈ ಸಲ ಮೂರು ಸಲ ಓದಿದೆ. ಸಹಿ ಹಾಕಿಲ್ಲ.