ಮೂರು ಫ್ಯಾನಿನ ಮೆಶ್ ಕ್ಯಾಬಿನೆಟ್: ಮಡಿಕೇರಿಯಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ಮುಂಭಾಗದಲ್ಲಿ ಜಾಲರಿ ಇರುವ ಈ ಕಂಪ್ಯೂಟರ್ ಪೆಟ್ಟಿಗೆಯ ಫ್ಯಾನುಗಳ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ಮುಂದಿನ ಪ್ಯಾನೆಲ್ ಹಿಡಿದಿಟ್ಟುಕೊಳ್ಳುವ ಆರು ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ. ಡಸ್ಟ್ ಫಿಲ್ಟರ್ ಕೂತಿರುವುದು ಈ ಪ್ಯಾನೆಲಿನ ಒಳಮೈಗೆ. ತೊಳೆಯಬೇಕೆಂದರೆ ಪ್ರತಿ ಸಲವೂ ಪ್ಯಾನೆಲ್ ಕೀಳಬೇಕು. ಬೇರೆ ಊರಲ್ಲಿ ಮೂರು ತಿಂಗಳಿಗೊಮ್ಮೆ ಕಿತ್ತರೆ ಸಾಕಾದೀತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕೀಳಲೇಬೇಕು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಕ್ಲಿಪ್ ಮುರಿದವು. ಬಿಡಿಯಾಗಿ ಸಿಗುವುದಿಲ್ಲ, ಇಡೀ ಪ್ಯಾನೆಲೇ ತೆಗೆದುಕೊಳ್ಳಬೇಕಂತೆ!

ನಮ್ಮ ಮಳೆಗಾಲದ ಧೂಳು ಒಣಧೂಳಲ್ಲ. ಬಟ್ಟೆಯ ನೂಲು, ಒಲೆಯ ಹೊಗೆಯ ಜಿಡ್ಡು, ಗಾಳಿಯ ತೇವ ಎಲ್ಲ ಸೇರಿ ಜಾಲರಿಗೆ ಕಂಬಳಿ ಹೊದಿಸಿದ ಹಾಗೆ ಅಂಟುತ್ತದೆ, ಬ್ಲೋವರ್‌ಗೆ ಏಳುವುದಿಲ್ಲ. ಆಗ ಅದೇ ಕೆಲಸಕ್ಕೆ ಪ್ರೊಸೆಸರ್ ಎಂಟು ಹತ್ತು ಡಿಗ್ರಿ ಹೆಚ್ಚು ಕಾಯುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಎಂದು ಜೋಡಿಸುವುದೇ ಒಳಗಿನ ಒತ್ತಡ ತುಸು ಹೆಚ್ಚಿದ್ದು ಸಂದುಗಳಿಂದ ಗಾಳಿ ಹೊರಗೇ ಹೋಗಲಿ ಎಂದು. ಮುಂದಿನ ಜಾಲರಿ ಕಟ್ಟಿಕೊಂಡರೆ ಲೆಕ್ಕ ತಿರುಗುಮುರುಗು. ಹಿಂದಿನ ಫ್ಯಾನ್ ಎಳೆಯುತ್ತಲೇ ಇರುತ್ತದೆ, ಹಿಂಬದಿಯಲ್ಲಿ ಕಾರ್ಡ್ ಕೂರಿಸುವ ಸ್ಲಾಟ್‌ಗಳ ಸಂದಿನಿಂದ ಸೋಸದ ಗಾಳಿ ನುಗ್ಗಿ ಗ್ರಾಫಿಕ್ಸ್ ಕಾರ್ಡಿನ ಮೇಲೆ ಧೂಳು ಕೂರುತ್ತದೆ. ಯಾವ ಕಡೆಯಿಂದ ಎಳೆಯುತ್ತಿದೆ ಎಂದು ನೋಡಲು ಸಂದಿನ ಹತ್ತಿರ ಒಂದು ಊದುಬತ್ತಿ ಹಿಡಿದರೆ ಸಾಕು.

ಪ್ಯಾನೆಲನ್ನು ಹೊರಗಿನಿಂದ ಜಗ್ಗಬೇಡಿ. ಪಕ್ಕದ ಬಾಗಿಲು ತೆಗೆದು, ಒಳಗಿನಿಂದ ಒಂದೊಂದೇ ಕ್ಲಿಪ್ಪಿನ ಎರಡು ಕಾಲನ್ನು ಬೆರಳಲ್ಲಿ ಒತ್ತಿ ತಳ್ಳಿ. ಜನವರಿಯ ಚಳಿಯ ಬೆಳಿಗ್ಗೆ ಈ ಕೆಲಸ ಬೇಡ, ಪ್ಲಾಸ್ಟಿಕ್ ಸೆಟೆದುಕೊಂಡಿರುತ್ತದೆ.

ತೊಳೆಯುವುದಕ್ಕೆ ಉಗುರುಬೆಚ್ಚನೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಶ್. ಫ್ಯಾನಿನ ಕಡೆ ಇದ್ದ ಮೈಯಿಂದ ಉಜ್ಜಿದರೆ ಕೊಳೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಬೂದು ಬಣ್ಣದ ಕಂಬಳಿ ಒಂದೇ ತುಂಡಾಗಿ ಕಳಚಿ ಬರುವಾಗ ಏನೋ ಒಂದು ಸಮಾಧಾನ. ಆಮೇಲೆ ಟವೆಲ್‌ನಲ್ಲಿ ಒತ್ತಿ ಒಣಗಲು ಬಿಡಿ. ಒಲೆಯ ಪಕ್ಕ ಇಟ್ಟರೆ ಚೌಕಟ್ಟು ಸೊಟ್ಟಗಾಗುತ್ತದೆ. ಜುಲೈಯಲ್ಲಿ ಒಣಗಲು ಒಂದೂವರೆ ದಿನ ಹಿಡಿಯುತ್ತದೆ, ಅರೆಹಸಿಯಾಗಿ ಹಾಕಿದರೆ ಜಾಲರಿಯ ಕಣ್ಣುಗಳಲ್ಲಿ ನೀರಿನ ಪೊರೆ ನಿಂತು ಗಾಳಿಯೇ ಹೋಗದು. ಹಾಗಾಗಿ ಎರಡು ಫಿಲ್ಟರ್ ಬೇಕು. ಇನ್ನೊಂದನ್ನು ಸಣ್ಣ ಕಣ್ಣಿನ ನೈಲಾನ್ ಜಾಲರಿಯಲ್ಲಿ ಕತ್ತರಿಸಿಕೊಳ್ಳಬಹುದು. ಸೊಳ್ಳೆಪರದೆಯ ಕಣ್ಣು ತೀರಾ ದೊಡ್ಡದು.

ಇಷ್ಟು ಬೈದ ಮೇಲೆ ಒಳ್ಳೆಯದನ್ನೂ ಹೇಳಬೇಕು. ಮೊದಲ ವಾರ ಮೂರೂ ಫ್ಯಾನ್ ರೊಯ್ಯೆಂದು ಕೂಗುತ್ತಿದ್ದವು. ಇವು ಮೂರು ಪಿನ್ನಿನವು. ಮದರ್‌ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಹೆಡರ್ ಪಿಡಬ್ಲ್ಯುಎಂ ಮೋಡ್‌ನಲ್ಲಿದ್ದರೆ (ನಾಲ್ಕನೇ ಪಿನ್ನಿನ ಸಂಕೇತದಿಂದ ವೇಗ ಹಿಡಿಯುವ ಬಗೆ) ಸದಾ ಪೂರ್ತಿ ವೇಗ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಡಿಸಿ (ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಬಗೆ) ಮಾಡಿ, ಪ್ರೊಸೆಸರ್ 50 ಡಿಗ್ರಿ ಆಗುವವರೆಗೆ ಫ್ಯಾನಿಗೆ ಶೇ. 45, 75 ಡಿಗ್ರಿಗೆ ಶೇ. 85 ಎಂದು ಇಟ್ಟದ್ದೇ ಸದ್ದಡಗಿತು. ಇನ್ನೂ ಇಳಿಸಿದರೆ ಕೆಲವು ಫ್ಯಾನ್ ನಿಂತೇ ಬಿಡುತ್ತವೆ. ಈಗ ಮಳೆ ಬಿಟ್ಟ ರಾತ್ರಿಯೂ ಮಾಡಿನಿಂದ ತೊಟ್ಟಿಕ್ಕುವ ಹನಿ ಕೇಳುತ್ತದೆ, ಕಂಪ್ಯೂಟರ್ ಕೇಳುವುದಿಲ್ಲ.

ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿ ತುಸು ತೆಳುವೇ, ಶಾಖ ಹೊರುವ ಶಕ್ತಿಯೂ ಅಷ್ಟೇ ಕಡಿಮೆ. ಆದರೆ ಇಲ್ಲಿನ ತಂಪು ಆ ನಷ್ಟ ತುಂಬಿಕೊಡುತ್ತದೆ. 65 ವಾಟ್ ಪ್ರೊಸೆಸರಿಗೆ ನಾಲ್ಕನೇ ಫ್ಯಾನ್, ಲಿಕ್ವಿಡ್ ಕೂಲರ್ ದಂಡ. ಸಿಲಿಕಾ ಜೆಲ್ ಪೊಟ್ಟಣವೂ ಅಷ್ಟೇ, ಗಾಳಿ ಓಡಾಡುವ ಪೆಟ್ಟಿಗೆಯಲ್ಲಿ ಬಲುಬೇಗ ನೆನೆದು ಸುಮ್ಮನಾಗುತ್ತದೆ. ಅದರ ಬದಲು ಕಂಪ್ಯೂಟರನ್ನು ದಿನಕ್ಕೊಂದು ಗಂಟೆ ಆನ್ ಮಾಡಿಡಿ, ಕೋಣೆಗಿಂತ ಬೆಚ್ಚಗಿರುವ ಬೋರ್ಡಿನ ಮೇಲೆ ನೀರು ಕಟ್ಟುವುದಿಲ್ಲ. ಬೆವರುವ ನೆಲದ ಮೇಲಂತೂ ಇಡಬೇಡಿ, ಒಂದು ಮಣೆಯಾದರೂ ಇರಲಿ.

ನಾಲ್ಕು ಸಾವಿರದ ಆಸುಪಾಸಿನ ಬಜೆಟ್ಟಿಗೆ ಮೋಸವಿಲ್ಲ. ಆದರೆ ಹೊರಗಿನಿಂದಲೇ ಕಳಚುವ ಮ್ಯಾಗ್ನೆಟ್ ಫಿಲ್ಟರಿನದು ಐನೂರು ರೂಪಾಯಿ ಹೆಚ್ಚಿಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇನ್ನು ಕ್ಯಾಬಿನೆಟ್ಟಿನ ಬಣ್ಣದ ದೀಪ: ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ಸಂಜೆ ಹೊತ್ತು ಆರಿಸಿಬಿಡಿ. ಇಲ್ಲವಾದರೆ ಬೆಳಿಗ್ಗೆ ಜಾಲರಿ ತುಂಬ ಈಸಲು ಹುಳದ ರೆಕ್ಕೆ, ಮತ್ತೆ ಆ ಕ್ಲಿಪ್ಪಿಗೇ ಕೈ ಹಾಕಬೇಕು.