ಕ್ಲೀಟ್ ಲೂಸ್ ಆದಾಗ: ಸ್ಕ್ರೂ, ಟೇಪ್, ಎಪಾಕ್ಸಿ, ಹೊಸ ಕ್ಲೀಟ್

ಸೈಕಲ್ಲಿನ ಕ್ಲಿಪ್‌ಲೆಸ್ ಪೆಡಲ್ ಅಂದರೆ ಶೂ ತಳದಲ್ಲಿರುವ ಕ್ಲೀಟ್ ಅನ್ನುವ ತುಂಡನ್ನು ಸ್ಪ್ರಿಂಗಿನ ಕೊಂಡಿಯಲ್ಲಿ ಹಿಡಿದಿಡುವ ಪೆಡಲ್. ಅದಕ್ಕೆ ಶೂ ಸಿಕ್ಕಿಸಿದ ಮೇಲೂ ಪಾದ ಎಡಕ್ಕೆ ಬಲಕ್ಕೆ ಓಲಾಡುತ್ತಿದ್ದರೆ ಏನು ಮಾಡಬೇಕು? ಒಬ್ಬೊಬ್ಬರದು ಒಂದೊಂದು ಉತ್ತರ. ಸ್ಪ್ರಿಂಗ್ ಬಿಗಿ ಮಾಡು ಅನ್ನುವವರಿದ್ದಾರೆ, ಟೇಪ್ ಅಂಟಿಸು ಅನ್ನುವವರಿದ್ದಾರೆ, ಸುಮ್ನೆ ಹೊಸ ಕ್ಲೀಟ್ ಹಾಕು ಅನ್ನುವವರೂ ಇದ್ದಾರೆ. ನನ್ನ ಬಳಿ ಎರಡು ಜೋಡಿ ಶೂ ಇವೆ. ಒಂದಕ್ಕೆ ಎರಡು ಬೋಲ್ಟಿನ ಲೋಹದ ಕ್ಲೀಟ್, ಇನ್ನೊಂದು ರೋಡ್ ಶೂ, ಅದಕ್ಕೆ ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟ್. ಎರಡೂ ಲೂಸ್ ಆಗಿದ್ದವು, ಹಾಗಾಗಿ ಎಲ್ಲ ಉಪಾಯಗಳನ್ನೂ ಎರಡರ ಮೇಲೂ ಮಾಡಿ ನೋಡಿದೆ.

ಮೊದಲು ಯಾವ ಅಲುಗಾಟ ಅಂತ ಗೊತ್ತಾಗಬೇಕು. ಹಿಮ್ಮಡಿ ಒಳಗೂ ಹೊರಗೂ ಸ್ವಲ್ಪ ತಿರುಗುವುದು ದೋಷವಲ್ಲ. ಮೊಣಕಾಲಿಗೆ ತೊಂದರೆ ಆಗದಿರಲಿ ಅಂತ ಬೇಕೆಂದೇ ಬಿಟ್ಟ ಫ್ಲೋಟ್ ಅದು. ಶಿಮಾನೋ ಕಂಪನಿಯ ರೋಡ್ ಕ್ಲೀಟ್‌ಗಳಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2, ಕೆಂಪಿಗೆ 0. ಲುಕ್ ಕಂಪನಿಯ ಕಿಯೋ ಕ್ಲೀಟ್‌ಗಳಲ್ಲಿ ಕೆಂಪಿಗೆ 9, ಬೂದು ಬಣ್ಣಕ್ಕೆ 4.5, ಕಪ್ಪಿಗೆ 0. ಒಬ್ಬರ ಕೆಂಪು ಕದಲುವುದೇ ಇಲ್ಲ, ಇನ್ನೊಬ್ಬರ ಕೆಂಪು ಎಲ್ಲಕ್ಕಿಂತ ಜಾಸ್ತಿ ತಿರುಗುತ್ತದೆ! ಇಬ್ಬರೂ ಕೂತು ಒಂದು ಬಣ್ಣಕ್ಕೆ ಒಪ್ಪಬಹುದಿತ್ತು, ಅಲ್ವಾ?

ಇನ್ನೊಂದು ಪರೀಕ್ಷೆ: ಶೂ ಬಿಚ್ಚಿ, ಪೆಡಲನ್ನೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಬೇರಿಂಗ್ ಸಡಿಲವಾಗಿದೆ, ಅಥವಾ ಪೆಡಲ್ ತನ್ನನ್ನು ಹಿಡಿದಿರುವ ತೋಳಿಗೆ, ಅಂದರೆ ಕ್ರ್ಯಾಂಕಿಗೆ, ಸರಿಯಾಗಿ ಕೂತಿಲ್ಲ. ಆಗ ಕ್ಲೀಟಿಗೆ ಏನು ಮಾಡಿದರೂ ಉಪಯೋಗವಿಲ್ಲ. ನನ್ನ ಪೆಡಲ್‌ಗಳು ಗಟ್ಟಿಯಾಗಿದ್ದವು.

ಎಲ್ಲರೂ ಮೊದಲು ತಿರುಗಿಸುವುದು ಪೆಡಲಿನ ಸ್ಪ್ರಿಂಗಿನ ಸ್ಕ್ರೂ. ಅಲೆನ್ ಕೀ ಇದ್ದರೆ ಒಂದು ನಿಮಿಷದ ಕೆಲಸ. ಬಿಗಿ ಮಾಡಿದಾಗ ಶೂ ಹೊರತೆಗೆಯುವುದು ಕಷ್ಟವಾಯಿತು, ಓಲಾಟ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಅದು ಸಹಜ. ಆ ಸ್ಕ್ರೂ ಇರುವುದು ಬಿಡಿಸಿಕೊಳ್ಳಲು ಎಷ್ಟು ಬಲ ಬೇಕು ಅನ್ನುವುದನ್ನು ನಿರ್ಧರಿಸಲು, ಸವೆದ ಜಾಗ ತುಂಬಲು ಅಲ್ಲ. ಜೋರಾಗಿ ತುಳಿಯುವಾಗ ಶೂ ತಾನಾಗಿಯೇ ಕಳಚಿಕೊಳ್ಳುತ್ತಿದ್ದರೆ ಅದು ಸರಿಯಾದ ಮದ್ದು. ಓಲಾಟಕ್ಕಲ್ಲ.

ಹೊಸ ಕ್ಲೀಟ್‌ನಲ್ಲಿ ಎರಡು ಶೂಗಳ ದಾರಿ ಬೇರೆಯಾಯಿತು. ರೋಡ್ ಶೂನಲ್ಲಿ ಅಲುಗಾಟ ಪೂರ್ತಿ ಹೋಯಿತು. ಅಲ್ಲಿ ಪೆಡಲ್ ಮೇಲೆ ಕೂರುವುದು ಕ್ಲೀಟಿನ ಪ್ಲಾಸ್ಟಿಕ್ಕೇ. ನಡೆದಾಡಿದಾಗ ನೆಲಕ್ಕೆ ತಾಗಿ ಸವೆಯುವುದೂ ಅದೇ. ಕವರ್ ಹಾಕಿ ನಡೆದರೆ ತುಂಬಾ ದಿನ ಬಾಳುತ್ತದೆ. ಹೊಸ ಕ್ಲೀಟ್ ಹಾಕಿದ ಮೇಲೂ ಓಲಾಡಿದರೆ ಪೆಡಲಿನ ಮೇಲ್ಮೈ ಸವೆದಿದೆ ಅಂತ ತಿಳಿಯಿರಿ. ಮೇಲೆ ಸ್ಟೀಲ್ ಪಟ್ಟಿ ಇರುವ ಪೆಡಲ್‌ಗಳು ನಿಧಾನವಾಗಿ ಸವೆಯುತ್ತವೆ.

ಎರಡು ಬೋಲ್ಟಿನ ಶೂ ಕಥೆ ಬೇರೆ. ಹೊಸ ಲೋಹದ ಕ್ಲೀಟ್ ಹಾಕಿದಾಗ ಸಿಕ್ಕಿಸುವ ಸದ್ದು ಚೊಕ್ಕವಾಯಿತು, ಬಿಡಿಸುವುದೂ ಸಲೀಸಾಯಿತು. ಆದರೆ ಪಾದ ಓಲಾಡುವುದು ನಿಲ್ಲಲಿಲ್ಲ. ಇಲ್ಲಿ ಕ್ಲೀಟ್ ತುಂಬಾ ಚಿಕ್ಕದು. ಪಾದವನ್ನು ಅಕ್ಕಪಕ್ಕಕ್ಕೆ ವಾಲದಂತೆ ತಡೆಯುವುದು ಕ್ಲೀಟಿನ ಎರಡೂ ಬದಿಯ ಸೋಲ್. ಅದು ಸವೆದು ಪೆಡಲ್ ಬಾಡಿಗೆ ತಾಗದಿದ್ದರೆ ಇಡೀ ಭಾರ ಆ ಚಿಕ್ಕ ಲೋಹದ ಮೇಲೆ ನಿಲ್ಲುತ್ತದೆ. ಕಾಲು ಗಿಡ್ಡವಾದ ಮೇಜಿನ ಹಾಗೆ. ತುಂಬಬೇಕಾದದ್ದು ಆ ಸಂದು.

ಅದಕ್ಕೆ ಮೊದಲು ಪೆಡಲ್ ಮೇಲೆ ವೈರಿಂಗಿನ ಟೇಪ್ ಪದರ ಪದರವಾಗಿ ಅಂಟಿಸಿದೆ. ಓಲಾಟ ಆ ಕ್ಷಣವೇ ನಿಂತಿತು. ಆದರೆ ಟೇಪ್ ಬೇಗ ಹರಿದು, ಅಂಟು ಹೊರಬಂದು ಧೂಳು ಹಿಡಿಯಿತು. ಹಾಗಾದರೂ ಎಷ್ಟು ದಪ್ಪ ಬೇಕು ಅಂತ ಅಳೆಯಲು ಟೇಪಿನಷ್ಟು ಸುಲಭದ್ದು ಇನ್ನೊಂದಿಲ್ಲ. ಒಂದೊಂದೇ ಪದರ ಹಾಕಿ ನೋಡಬಹುದು. ಆಮೇಲೆ ಹಳೆಯ ಟ್ಯೂಬಿನ ತುಂಡುಗಳನ್ನು ಪಂಕ್ಚರ್ ಸಲ್ಯೂಷನ್‌ನಿಂದ ಸೋಲಿಗೆ ಅಂಟಿಸಿದೆ. ಚೆನ್ನಾಗಿ ಹಿಡಿಯಿತು, ಸ್ವಲ್ಪ ಜಾಸ್ತಿಯೇ ಹಿಡಿಯಿತು! ಹಿಮ್ಮಡಿ ತಿರುಗಿಸಿ ಶೂ ಬಿಡಿಸುವಾಗ ರಬ್ಬರ್ ಜಗ್ಗುತ್ತದೆ. ಸಿಗ್ನಲ್ ಬಳಿ ಇದು ಬೇಡ. ಕೊನೆಗೆ ಅದೇ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ಪಟ್ಟಿ ಅಂಟಿಸಿದೆ. ಸಂದು ತುಂಬಿತು, ಕಾಲೂ ಜಾರಿ ತಿರುಗಿತು. ನನ್ನ ಮತ ಇದಕ್ಕೇ. ಕ್ರ್ಯಾಂಕ್ ಬ್ರದರ್ಸ್ ಕಂಪನಿಯ ಕೆಲವು ಪೆಡಲ್‌ಗಳಿಗೆ ಇದೇ ಕೆಲಸಕ್ಕೆ 1 ಮಿ.ಮೀ. ಮತ್ತು 2 ಮಿ.ಮೀ. ಪ್ಯಾಡ್‌ಗಳು ಬರುತ್ತವೆ. ಅಂಥ ಪೆಡಲ್ ಇರುವವರು ಅಂಟು ಕತ್ತರಿಯ ತಂಟೆಗೇ ಹೋಗಬೇಕಿಲ್ಲ.

ಕ್ಲೀಟಿಗೂ ಸೋಲಿಗೂ ನಡುವೆ ಶಿಮ್, ಅಂದರೆ ತೆಳು ಬಿಲ್ಲೆ, ಇಡಿ ಅನ್ನುವ ಸಲಹೆಯೂ ಇದೆ. ಓಲಾಟಕ್ಕೆ ಅದು ತದ್ವಿರುದ್ಧ. ಶಿಮ್ ಇಟ್ಟರೆ ಸೋಲ್ ಪೆಡಲಿನಿಂದ ಇನ್ನೂ ದೂರವಾಗುತ್ತದೆ. ಸೋಲ್ ದಪ್ಪವಾಗಿ ಶೂ ಸಿಕ್ಕಿಸಲು ಆಗದಿದ್ದಾಗ ಮಾತ್ರ ಶಿಮ್ ಬೇಕು. ಓಲಾಡುವ ಶೂನಲ್ಲಿ ಶಿಮ್ ಈಗಾಗಲೇ ಇದ್ದರೆ ಮೊದಲು ಅದನ್ನು ತೆಗೆದು ನೋಡಿ.

ಒಣಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ನನಗೆ ಇಷ್ಟವಾಗಲಿಲ್ಲ. ಸವೆದ ರೋಡ್ ಕ್ಲೀಟಿನ ಮೂತಿಗೆ ಹಚ್ಚಿ, ಒಣಗಿದ ಮೇಲೆ ಉಜ್ಜಿ ಆಕಾರ ಕೊಟ್ಟೆ. ಸ್ವಲ್ಪ ದಿನ ಸುಮ್ಮನಿತ್ತು, ಆಮೇಲೆ ಚೂರು ಚೂರಾಗಿ ಕಿತ್ತು ಬಂತು. ಕಿತ್ತು ಬರುವುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಆಕಾರ ಕೂದಲೆಳೆಯಷ್ಟು ತಪ್ಪಿದರೂ ಶೂ ಬಿಡಿಸಿಕೊಳ್ಳದೆ ಹೋಗಬಹುದು. ಕ್ಲೀಟ್ ಮತ್ತು ಪೆಡಲಿನ ಕೊಂಡಿ ಕೂಡುವ ಜಾಗಕ್ಕೆ ಏನನ್ನೂ ಹಚ್ಚಬೇಡಿ.

ಕ್ಲೀಟ್ ಬದಲಿಸುವವರು ಹಳೆಯದನ್ನು ಬಿಚ್ಚುವ ಮೊದಲು ಅದರ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿಕೊಳ್ಳಿ. ಬೋಲ್ಟಿನ ಥ್ರೆಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, 5ರಿಂದ 6 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ, ಹೊಸ ಬೋಲ್ಟ್ ಮೊದಲ ಸಲ ಸಡಿಲವಾಗುವುದುಂಟು.