ಯೆಜ್ಡಿ ರೋಡ್‌ಕಿಂಗ್: ಕಬ್ಬಿಣ ಹಳೇದಿರಲಿ, ರಬ್ಬರ್ ಹೊಸದೇ ಬೇಕು

ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಟ್ಯಾಂಕ್ ಎಷ್ಟು ಲೀಟರ್ ಅಂತ ಇಲ್ಲಿ ಹುಡುಕಬೇಡಿ. ಯೆಜ್ಡಿ ರೋಡ್‌ಕಿಂಗ್ ಅನ್ನುವ ಈ ಹಳೇ ಬೈಕಿನ ಬಗ್ಗೆ ಓದಲು ಬಂದವರಿಗೆ ಅದೆಲ್ಲ ಬಾಯಿಪಾಠ ಇರುತ್ತದೆ. ನಾನು ಬರೆಯಲು ಕೂತಿದ್ದು ಒಂದು ಆಯಿಲ್ ಸೀಲ್ ಮೇಲಿನ ಸಿಟ್ಟಿಗೆ. ಇಂಜಿನ್ನಿನಲ್ಲಿ ಆಯಿಲ್ ಸೋರದಂತೆ ತಡೆಯುವ, ನೂರು ರೂಪಾಯಿಯೊಳಗೆ ಸಿಗುವ ರಬ್ಬರ್ ಉಂಗುರ ಅದು. ಮೆಕ್ಯಾನಿಕ್ಕೂ ಅಂಗಡಿಯವನೂ ಅದೇ ಉಂಗುರಕ್ಕೆ ಐದು ಪಟ್ಟು ದುಡ್ಡು ಕೊಡಿಸಿ, ಮೇಲಿಂದ ಇಂಜಿನ್ನಿನ ಹೊಟ್ಟೆಯನ್ನು ಮತ್ತೆ ಬಿಚ್ಚಿಸಿದರು. ಅದನ್ನು ಹೇಳದೆ ಬರೀ ಗಾಡಿ ಹೊಗಳುವುದು ನನ್ನಿಂದ ಆಗುವುದಿಲ್ಲ.

ಗಾಡಿ ಎಂಬತ್ತರ ದಶಕದ್ದು. ಮಂಡ್ಯದ ಹತ್ತಿರ ಒಂದು ತೋಟದ ಪಂಪ್‌ಸೆಟ್ ಮನೆಯಲ್ಲಿ ಗೊಬ್ಬರದ ಚೀಲಗಳ ಹಿಂದೆ ನಿಂತಿತ್ತು. ಆಗಿನ್ನೂ ರೇಟು ತಲೆ ತಿರುಗುವಷ್ಟು ಆಗಿರಲಿಲ್ಲ, ನನ್ನಂಥ ಸಂಬಳದವನ ಕೈಗೆ ಸಿಕ್ಕಿತು. ನಾನಿರುವುದು ಮೈಸೂರಿನಲ್ಲಿ. ಈ ಗಾಡಿಗೆ ಇದು ತವರುಮನೆ. ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. 1961ರಲ್ಲಿ ಜಾವಾ ಗಾಡಿಗಳು ಅಲ್ಲಿಂದ ಹೊರಬರಲು ಶುರುವಾದವು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿ ಕೆಲಸ ಮಾಡಿದವರು, ಅವರ ಹತ್ತಿರ ಕೈಕೆಲಸ ಕಲಿತವರು ಊರಲ್ಲಿ ಇನ್ನೂ ಇದ್ದಾರೆ. ಬೇರೆ ಊರಿನವರು ಇದೇ ಗಾಡಿ ತಗೊಂಡು ಒದ್ದಾಡುವುದನ್ನು ನೋಡಿದ್ದೇನೆ. ನನ್ನ ಅನುಭವ ನಿಮಗೂ ಹಾಗೇ ಆಗುತ್ತದೆ ಅಂತ ಅಂದುಕೊಳ್ಳಬೇಡಿ.

ಮೊದಲು ಇಷ್ಟವಾಗಿದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಕೆಲಸವೇ ನನಗೆ ಅರ್ಧ ಗಾಡಿ. ಪೆಟ್ರೋಲ್ ಕಾಕ್ ತಿರುಗಿಸಬೇಕು, ಚೋಕ್ ಎಳೆಯಬೇಕು. ಕೀ ಹಾಕದೆ ಒಂದೆರಡು ಸಲ ನಿಧಾನಕ್ಕೆ ಕಿಕ್ ತುಳಿದರೆ ಪೆಟ್ರೋಲ್ ಒಳಗೆ ಇಳಿಯುತ್ತದೆ. ಗೇರ್ ಲಿವರ್ರೇ ಕಿಕ್ಕರ್, ಅದೂ ಎಡಗಡೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ತುಳಿಯಬೇಕು, ಆಮೇಲೆ ಮುಂದಕ್ಕೆ ತಂದರೆ ಅದೇ ಗೇರ್. ಗಾಡಿ ಓಡಿಸಿ ನೋಡುತ್ತೇನೆ ಅಂತ ಬರುವ ಹುಡುಗರು ಬಲಗಡೆ ಬಗ್ಗಿ ಕಿಕ್ಕರ್ ಹುಡುಕುತ್ತಾರೆ. ನಾನು ಸುಮ್ನೆ ನೋಡುತ್ತಾ ನಿಂತಿರುತ್ತೇನೆ, ತಕ್ಷಣ ಹೇಳುವುದಿಲ್ಲ. ಕೀ ಹಾಕಿ ತುಳಿದಾಗ ಎರಡು ಸೈಲೆನ್ಸರ್‌ಗಳಿಂದ ನೀಲಿ ಹೊಗೆ ಬರುತ್ತದೆ. ಮೇಲಿನ ಮನೆಯವರು ಬಟ್ಟೆ ಒಣಹಾಕುವ ಮುಂಚೆಯೇ ಇದೆಲ್ಲ ಮುಗಿಸುತ್ತೇನೆ. ಇದು ನಮ್ಮಿಬ್ಬರ ನಡುವಿನ ಒಪ್ಪಂದ.

ಇನ್ನೊಂದು ಖುಷಿ ಆಯಿಲ್ ಬೆರೆಸುವುದು. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೇ ಆಯಿಲ್ ಸೇರಿಸಬೇಕು ಅಲ್ವಾ? ನನ್ನ ಲೆಕ್ಕ ಲೀಟರಿಗೆ 40 ಎಂ.ಎಲ್., ಅಂದರೆ ಒಂದಕ್ಕೆ ಇಪ್ಪತ್ತೈದು. ಐದು ಲೀಟರಿಗೆ 200. ಒಂದು ಕಾಲದಲ್ಲಿ ಬಂಕಿನಲ್ಲೇ ಟೂಟಿ, ಅಂದರೆ ಟೂ ಸ್ಟ್ರೋಕಿಗೆ ಹಾಕುವ ಆಯಿಲಿನ ಪಂಪ್ ಇರುತ್ತಿತ್ತು, ಹ್ಯಾಂಡಲ್ ಒತ್ತಿದರೆ ಅಳತೆಗೆ ಸರಿಯಾಗಿ ಬೀಳುತ್ತಿತ್ತು. ಈಗ ನಾನು ಹೋಗುವ ಬಂಕುಗಳಲ್ಲಿ ಅದು ಕಾಣುವುದೇ ಇಲ್ಲ. ಮಗಳ ಹಳೇ ಹಾಲಿನ ಬಾಟಲಿ ಸೈಡ್ ಬಾಕ್ಸಿನಲ್ಲಿದೆ. ಅದರ ಮೇಲೆ ಎಂ.ಎಲ್. ಗೆರೆಗಳಿವೆ, ಅದಕ್ಕಿಂತ ಒಳ್ಳೆಯ ಅಳತೆ ಪಾತ್ರೆ ನನಗೆ ಸಿಕ್ಕಿಲ್ಲ. ಮೊದಲು ಆಯಿಲ್ ಸುರಿದು ಆಮೇಲೆ ಪೆಟ್ರೋಲ್ ಹಾಕಿಸುತ್ತೇನೆ. ಪೆಟ್ರೋಲ್ ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಬಂಕಿನ ಹುಡುಗ ಹಾಲಿನ ಬಾಟಲಿ ನೋಡಿ ನಗುತ್ತಾನೆ. ನಗಲಿ.

ಇಷ್ಟಾದ ಮೇಲೆ ಸೀಲಿನ ಕಥೆ.

ತೋಟದಿಂದ ಬಂದ ಗಾಡಿಯ ಇಂಜಿನ್ ಪೂರ್ತಿ ಬಿಚ್ಚಲೇಬೇಕಿತ್ತು. ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟ್, ಅದರ ಎರಡು ಕಡೆಯೂ ಒಂದೊಂದು ಆಯಿಲ್ ಸೀಲ್ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೂತಿರುವ ಕೋಣೆ, ಅಂದರೆ ಕ್ರ್ಯಾಂಕ್‌ಕೇಸೇ ಪಂಪ್. ಪಿಸ್ಟನ್ ಮೇಲೆ ಹೋದಾಗ ಕಾರ್ಬೊರೇಟರಿನಿಂದ ಪೆಟ್ರೋಲ್ ಮತ್ತು ಗಾಳಿಯನ್ನು ಒಳಗೆ ಎಳೆಯುತ್ತದೆ, ಕೆಳಗೆ ಬಂದಾಗ ಅದನ್ನು ಸಿಲಿಂಡರಿಗೆ ತಳ್ಳುತ್ತದೆ. ಆ ಕೋಣೆ ಎಲ್ಲೂ ಸೋರಬಾರದು. ಬಲಗಡೆ, ಅಂದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಇರುವ ಕಡೆಯ ಸೀಲ್ ಹೋದರೆ ಬರೀ ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯುವುದಿಲ್ಲ, ತನ್ನಷ್ಟಕ್ಕೆ ಕಿರುಚುತ್ತದೆ, ಹಾಗೇ ಬಿಟ್ಟರೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು ನಿಲ್ಲುತ್ತದೆ. ಎಡಗಡೆ ಕ್ಲಚ್ ಮತ್ತು ಅದನ್ನು ಕ್ರ್ಯಾಂಕಿಗೆ ಜೋಡಿಸುವ ಪ್ರೈಮರಿ ಚೈನ್ ಗೇರ್ ಬಾಕ್ಸಿನ ಆಯಿಲಿನಲ್ಲೇ ಮುಳುಗಿರುತ್ತವೆ. ಆ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್ ಆಯಿಲನ್ನೇ ಕುಡಿಯಲು ಶುರುಮಾಡುತ್ತದೆ. ಬಿಸಿಯಾದ ಮೇಲೂ ದಪ್ಪ ಬಿಳಿ ಹೊಗೆ ನಿಲ್ಲುವುದಿಲ್ಲ. ಪ್ಲಗ್ ಬಿಚ್ಚಿದರೆ ಒದ್ದೆ. ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ, ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ.

ಮೆಕ್ಯಾನಿಕ್ ಹೇಳಿದರು, ಸೀಲ್ ಮಾತ್ರ ಒರಿಜಿನಲ್ಲೇ ಬೇಕು, ಬೇರೆ ಹಾಕಿದರೆ ನಾನು ಜವಾಬ್ದಾರನಲ್ಲ ಅಂತ. ಅಂಗಡಿಯವನು ಕಪಾಟಿನ ಮೇಲಿಂದ ಕಂಪನಿಯ ಹಳೇ ಪ್ಯಾಕೆಟ್ ತೆಗೆದ. ಪ್ಯಾಕೆಟ್ ಬಣ್ಣ ಮಾಸಿತ್ತು, ಅದನ್ನೇ ಗುಣ ಅನ್ನುವ ಹಾಗೆ ತೋರಿಸಿದ. 'ಪ್ಯಾಕೆಟ್ ಒಡೆದಿಲ್ಲ ಸಾರ್, ಫ್ಯಾಕ್ಟರಿ ಮಾಲು' ಅಂದ. ದುಡ್ಡು ಕೊಟ್ಟೆ, ಹಾಕಿಸಿದೆ. ಮೊದಲ ಬೇಸಿಗೆ ಚೆನ್ನಾಗಿ ಓಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಬಿಳಿ ಹೊಗೆ ಶುರುವಾಯಿತು. ಗೇರ್ ಬಾಕ್ಸಿಗೆ ಕಡ್ಡಿ ಇಳಿಸಿ ನೋಡಿದರೆ ಆಯಿಲ್ ಅರ್ಧಕ್ಕೆ ಬಂದಿತ್ತು. ಮೆಕ್ಯಾನಿಕ್ 'ನಿಮ್ಮ ಪೆಟ್ರೋಲ್ ಸರಿಯಿಲ್ಲ' ಅಂದರು. ಅಂಗಡಿಯವನು 'ಫಿಟ್ಟಿಂಗ್ ಸರಿಯಿಲ್ಲ' ಅಂದ. ಇಬ್ಬರ ಹೆಸರೂ ಇಲ್ಲಿ ಬೇಡ. ಇಬ್ಬರೂ ದುಡ್ಡು ವಾಪಸ್ ಕೊಡಲಿಲ್ಲ.

ಮನೆಯಲ್ಲೇ ಬಿಚ್ಚಿದೆ. ಕ್ಲಚ್ ಕವರ್, ಕ್ಲಚ್, ಪ್ರೈಮರಿ ಚೈನ್. ಕ್ರ್ಯಾಂಕಿನ ಮೇಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ತುದಿಗೆ ಸಣ್ಣದಾಗುವ ಟೇಪರಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಅದನ್ನು ಎಳೆದು ತೆಗೆಯುವ ಪುಲ್ಲರ್ ಇಲ್ಲದೆ ಕೈ ಹಾಕಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಸೀಲ್ ಹೊರಗೆ ಬಂದಾಗ ಬೆರಳಿನಲ್ಲಿ ಒತ್ತಿ ನೋಡಿದೆ. ಬಗ್ಗಲಿಲ್ಲ. ಶಾಫ್ಟಿಗೆ ತಾಗುವ ಅಂಚು, ಅಂದರೆ ಲಿಪ್, ಉಗುರಿನಷ್ಟು ಗಟ್ಟಿಯಾಗಿ ಒಂದು ಕಡೆ ಬಿರುಕು ಬಿಟ್ಟಿತ್ತು. ಫ್ಯಾಕ್ಟರಿ ಮಾಲು ಅನ್ನುವುದು ಸುಳ್ಳಾಗಿರಲಿಲ್ಲ. ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ. ಆ ಸೀಲ್ ಅದಕ್ಕೂ ಮೊದಲಿನದು. ಕಪಾಟಿನಲ್ಲಿ ಸುಮ್ಮನೆ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ. ಇದನ್ನು ದಿನಾ ಸ್ಪೇರ್ ಮಾರುವವನಿಗೆ ನಾನು ಹೇಳಿಕೊಡಬೇಕಾ?

ಆಮೇಲೆ ಮಾಡಿದ್ದು ಬಹಳ ಸುಲಭದ ಕೆಲಸ. ಸೀಲಿನ ಮೇಲೆ ಮೂರು ಅಳತೆ ಇರುತ್ತದೆ: ಶಾಫ್ಟ್, ಹೌಸಿಂಗ್, ದಪ್ಪ. ಅಳಿಸಿಹೋಗಿದ್ದರೆ ವರ್ನಿಯರ್‌ನಲ್ಲಿ ಅಳೆಯಬಹುದು. ಆ ಮೂರು ನಂಬರ್ ಬರೆದುಕೊಂಡು ಬೇರಿಂಗ್ ಮಾರುವ ಅಂಗಡಿಗೆ ಹೋದೆ. ಪಂಪ್, ಗಿರಣಿ, ಟ್ರ್ಯಾಕ್ಟರ್ ಎಲ್ಲದಕ್ಕೂ ಸೀಲ್ ಕೊಡುವ ಅಂಗಡಿ. ಯಾವ ಗಾಡಿ ಅಂತಲೂ ಕೇಳಲಿಲ್ಲ. ಮಾಮೂಲಿ ಕಪ್ಪು ನೈಟ್ರೈಲ್ ರಬ್ಬರಿನ ಸೀಲ್ ನೂರರ ಒಳಗೆ. ಕಂದು ಬಣ್ಣದ ವೈಟಾನ್ ರಬ್ಬರಿನ ಸೀಲ್ ಅದಕ್ಕಿಂತ ಜಾಸ್ತಿ, ಆದರೆ ಶಾಖಕ್ಕೂ ಈಗಿನ ಪೆಟ್ರೋಲಿಗೂ ಚೆನ್ನಾಗಿ ತಡೆಯುತ್ತದೆ. ನಾನು ವೈಟಾನ್ ತಗೊಂಡೆ. ಹಾಕುವಾಗ ಲಿಪ್ಪಿಗೆ ಗ್ರೀಸ್ ಸವರಿ, ಸರಿಯಾದ ಅಗಲದ ಪೈಪ್ ತುಂಡು ಇಟ್ಟು ಸಮನಾಗಿ ಒತ್ತಬೇಕು. ಶಾಫ್ಟಿನ ಮೇಲೆ ಹಳೇ ಲಿಪ್ ಉಜ್ಜಿ ಗೆರೆ ಬಿದ್ದಿದ್ದರೆ ಹೊಸ ಸೀಲ್ ಅದೇ ಗೆರೆಯ ಮೇಲೆ ಕೂರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಅದೂ ಸೋರುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಬಿಳಿ ಹೊಗೆ ಇಲ್ಲ.

ಪಾಯಿಂಟಿನ ಜೊತೆ ಕಿಡಿಗೆ ನೆರವಾಗುವ ಕಂಡೆನ್ಸರಿಗೂ ಇದೇ ಮಾತು. ಹಳೇ ಪ್ಯಾಕೆಟ್ಟಿನ ಕಂಡೆನ್ಸರ್ ನೋಡಲು ಹೊಸದಾಗಿರುತ್ತದೆ, ಇಂಜಿನ್ ಬಿಸಿಯಾದ ಮೇಲೆ ಕೈಕೊಡುತ್ತದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟು, ಹೊಸ ಪ್ಲಗ್ ಹಾಕಿ, ಕಾಯಿಲ್ ಬದಲಿಸಿ, ಆದರೂ ಕಾದಾಗ ಗಾಡಿ ನಿಲ್ಲುತ್ತಿದೆ ಅನ್ನುವವರು ಮೊದಲು ಕಂಡೆನ್ಸರನ್ನು ಅನುಮಾನಿಸಿ. ಪೆಟ್ರೋಲ್ ಪೈಪ್, ಕಾಕಿನೊಳಗಿನ ವಾಷರ್, ಟೈರ್, ಇವೆಲ್ಲವೂ ಹೊಸದೇ ಇರಲಿ.

ಕಬ್ಬಿಣದ ಮಾತು ಬೇರೆ. ಗೇರ್, ಶಾಫ್ಟ್, ಬ್ಯಾರೆಲ್, ಹಬ್ ಇವು ಹಳೇ ಒರಿಜಿನಲ್ ಸಿಕ್ಕರೆ ಬಿಡಬೇಡಿ. ನಾನು ನೋಡಿದ ಕಳಪೆ ನಕಲಿ ಗೇರುಗಳ ಹಲ್ಲು ಬೇಗ ಸವೆದಿದ್ದವು. ಕಂಪನಿಯ ಗೇರನ್ನು ಎಣ್ಣೆಯಲ್ಲಿ ಅದ್ದಿಟ್ಟಿದ್ದರೆ ಅದು ಇನ್ನೊಂದು ತಲೆಮಾರು ಓಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ನಾನು ತಂದ ಕಬ್ಬಿಣದ ಒಂದು ಸಾಮಾನೂ ಮೋಸ ಮಾಡಿಲ್ಲ. ಸವೆದ ಸಿಲಿಂಡರನ್ನು ಕೊರೆಸಿ ಬೋರಿಂಗ್ ಮಾಡಿಸುವವರಿಗೆ ಒಂದು ಕಿವಿಮಾತು: ಬೋರ್ ಆದ ಮೇಲೆ ಪೋರ್ಟುಗಳ, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳ ಅಂಚು ಚೂಪಾಗಿರುತ್ತದೆ. ಅದನ್ನು ಸ್ವಲ್ಪ ಉಜ್ಜಿ ಮೊಂಡು ಮಾಡಿಸಿ, ಇಲ್ಲದಿದ್ದರೆ ಪಿಸ್ಟನ್ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಫೋರ್ ಸ್ಟ್ರೋಕ್ ಮಾತ್ರ ಮಾಡಿ ಅಭ್ಯಾಸವಿರುವ ಲೇತ್‌ನವರು ಇದನ್ನು ಕೇಳದಿದ್ದರೆ ಮಾಡುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ. ದಿನಾ ಓಡುವ ಗಾಡಿಗೆ ಪರವಾಗಿಲ್ಲ. ನನ್ನದು ಭಾನುವಾರದ ಗಾಡಿ, ಆಫೀಸಿಗೆ ಸ್ಕೂಟರ್ ಇದೆ. ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ತುಕ್ಕು ಶುರುವಾಗುತ್ತದೆ. ಕಾರ್ಬೊರೇಟರಿನಲ್ಲಾದರೂ ಆ ಪೆಟ್ರೋಲ್ ನಿಲ್ಲದಿರಲಿ ಅಂತ ಮನೆ ಬೀದಿಗೆ ತಿರುಗುವ ಮೊದಲೇ ಕಾಕ್ ಮುಚ್ಚಿಬಿಡುತ್ತೇನೆ. ಕಾರ್ಬೊರೇಟರಿನಲ್ಲಿ ಉಳಿದಿದ್ದು ಗೇಟಿನವರೆಗೆ ಬರುತ್ತದೆ, ಆಮೇಲೆ ಗಾಡಿ ತಾನೇ ಆರುತ್ತದೆ. ಕೆಲವು ಸಲ ಗೇಟಿಗಿಂತ ಮೊದಲೇ ಆರಿ ತಳ್ಳಬೇಕಾಗುತ್ತದೆ. ಎದುರು ಮನೆಯ ತಾತನಿಗೆ ಗಾಡಿ ಪದೇ ಪದೇ ಕೆಡುತ್ತದೆ ಅನ್ನುವ ನಂಬಿಕೆ. ಬಿಡಿಸಿ ಹೇಳಲು ಹೋಗಿಲ್ಲ.

ಸೈಲೆನ್ಸರ್ ಕ್ಲೀನ್ ಮಾಡುವುದು ಗಲೀಜು ಕೆಲಸ, ಆದರೂ ನನಗೆ ಇಷ್ಟ. ಸದ್ದು ತಗ್ಗಿಸುವ ಒಳಗಿನ ಬ್ಯಾಫಲ್ ಎಳೆದರೆ ಮಸಿ ಅಂಟಿಕೊಂಡಿರುತ್ತದೆ. ಹಿಂದೆ ಸೌದೆ ಒಲೆಗೆ ಹಾಕಿ ಸುಡುತ್ತಿದ್ದರು. ನಾನು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿ ನೆನೆಹಾಕುತ್ತೇನೆ, ಕೈಗವಸು ಹಾಕಿಕೊಂಡೇ. ಅಲ್ಯೂಮಿನಿಯಂ ಸಾಮಾನು ಆ ಬಕೆಟ್ಟಿನ ಹತ್ತಿರವೂ ಹೋಗಬಾರದು, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ತೊಳೆದು ಹಾಕಿದ ಮೇಲೆ ರಿಂಗ್ ರೋಡಿನಲ್ಲಿ ಗಾಡಿ ಎಳೆಯುವ ರೀತಿಯೇ ಬದಲಾಗುತ್ತದೆ.

ಓಡಿಸುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಆರ್‌ಎಸ್ ರಸ್ತೆಯಲ್ಲಿ ಅರವತ್ತರ ಆಸುಪಾಸಿನಲ್ಲಿ ಹೋದರೆ ಇದಕ್ಕಿಂತ ಸುಖದ ಗಾಡಿ ನಾನು ಓಡಿಸಿಲ್ಲ. ಬ್ರೇಕ್ ಡ್ರಮ್, ಅದನ್ನು ಮರೆಯಬಾರದು. ಚಾಮುಂಡಿ ಬೆಟ್ಟ ಇಳಿಯುವಾಗ ಇನ್ನೊಂದು ವಿಷಯವಿದೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿದರೆ ಪೆಟ್ರೋಲಿನ ಜೊತೆಗೆ ಆಯಿಲೂ ಕಡಿಮೆಯಾಗುತ್ತದೆ, ಪಿಸ್ಟನ್ ಒಣಗುತ್ತದೆ. ಆಗಾಗ ಸ್ವಲ್ಪ ತಿರುಗಿಸಿ ಬಿಡುತ್ತಾ ಇರಬೇಕು. ಮೈಲೇಜ್ ನನಗೆ ಲೀಟರಿಗೆ ಇಪ್ಪತ್ತೈದರಿಂದ ಮೂವತ್ತು, ಮೇಲೆ ಟೂಟಿ ಖರ್ಚು ಬೇರೆ. ತಿಂಗಳ ಬಜೆಟ್ ಬಿಗಿ ಇರುವವರು ದಿನದ ಓಡಾಟಕ್ಕೆ ಇದನ್ನು ನಂಬಬೇಡಿ.

ಕಾಗದದ ಕಡೆಗೂ ಗಮನ ಇರಲಿ. 15 ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಬೈಕಿನ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1000ಕ್ಕೆ ಏರಿತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕಿಗೆ 2000 ಆಯಿತು. ತಡವಾದರೆ ತಿಂಗಳಿಗೆ 300 ದಂಡ. ಆರ್‌ಸಿ ಸತ್ತ ಗಾಡಿ ಅಗ್ಗಕ್ಕೆ ಸಿಕ್ಕರೆ ಮೊದಲು ಆ ಲೆಕ್ಕ ಹಾಕಿ. ವಿಂಟೇಜ್ ಅಂತ ನೋಂದಾಯಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ತುಂಬಿರಬೇಕು. ಸಿಕ್ಕಿದರೂ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಇಂಥದಕ್ಕೆ ಬಿಟ್ಟು ರಸ್ತೆಗೆ ಇಳಿಸುವಂತಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಇಡ್ಲಿ ತಿಂದು ಬರುವುದು ಅದರಲ್ಲಿ ಬರುವುದಿಲ್ಲ. ನನಗೆ ಮಾಮೂಲಿ ನಂಬರ್ ಪ್ಲೇಟೇ ಸಾಕು.

ಈಗ ಬಲಗಡೆಯ ಮುಂದಿನ ಫೋರ್ಕ್ ಸೋರುತ್ತಿದೆ. ಅಲ್ಲೂ ಒಂದು ಸೀಲ್. ಅದೇ ಅಂಗಡಿಯವನು ಹಳೇ ಸಿಟ್ಟೆಲ್ಲ ಮರೆತು, 'ಫೋರ್ಕ್ ಸೀಲ್ ಒರಿಜಿನಲ್ ಬಂದಿದೆ ಸಾರ್, ಪ್ಯಾಕೆಟ್ ಒಡೆದಿಲ್ಲ' ಅಂತ ಫೋನ್ ಮಾಡಿದ್ದ. ಫೋರ್ಕ್ ಪೈಪ್ ಇದ್ದರೆ ಹೇಳು, ಈಗಲೇ ಬರುತ್ತೇನೆ ಅಂದೆ.